ನೆಲದ ಮೇಲೆ ಜಾರುವ ಜೆಟ್: ತಪ್ಪು ಮಾದರಿಯದೋ, ಸಿಮ್ಯುಲೇಟರಿನದೋ, ಜಾಯ್‌ಸ್ಟಿಕ್‌ನದೋ?

ಪ್ರಶ್ನೆ: ಕೆಲವು ವರ್ಷಗಳಿಂದ ಮನೆಯ ಕಂಪ್ಯೂಟರಿನ ಹಾರಾಟದ ಸಿಮ್ಯುಲೇಟರಿನಲ್ಲಿ ಸಿಆರ್‌ಜೆ ಎಂಬ ಸಣ್ಣ ಪ್ರಯಾಣಿಕ ಜೆಟ್‌ನ ಮಾದರಿಯನ್ನು ಹಾರಿಸುತ್ತಿದ್ದೆ. ಈಚೆಗೆ ಎಂಬ್ರೇಯರ್ ಕಂಪನಿಯ ಇ-ಜೆಟ್ ಎಂಬ ಪ್ರಯಾಣಿಕ ವಿಮಾನದ ಹೊಸ ಮಾದರಿಯೊಂದನ್ನು ಕೊಂಡೆ. ಆಕಾಶದಲ್ಲಿ ಅದರ ಬಗ್ಗೆ ದೂರಿಲ್ಲ. ನೆಲದ ಮೇಲೆ ಮಾತ್ರ ನಾಲ್ಕು ತೊಂದರೆಗಳಿವೆ. ನಿಂತಲ್ಲಿಂದ ಕದಲಿಸಲು ಬಹಳ ಥ್ರಸ್ಟ್ (ಎಂಜಿನ್‌ನ ನೂಕುಬಲ) ಬೇಕಾಗುತ್ತದೆ, ಕದಲಿದ ಮೇಲೆ ತಡೆಯಿಲ್ಲದೆ ಓಡುತ್ತದೆ. ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ. ಅಡ್ಡಗಾಳಿಯಿದ್ದರೆ ಟೇಕಾಫ್ ಓಟದಲ್ಲಿ ಗಾಳಿ ಬರುವ ಕಡೆಗೆ ತಿರುಗಿಬಿಡುತ್ತದೆ. ಪೂರ್ಣ ಥ್ರಸ್ಟ್ ಕೊಟ್ಟಾಗ ಮೂತಿಚಕ್ರಕ್ಕೆ ಹಿಡಿತವೇ ಇಲ್ಲವೆನಿಸುತ್ತದೆ. ನನ್ನ ಬಳಿ ಇರುವುದು ಹಿಡಿಯನ್ನು ತಿರುಚಿದರೆ ರಡ್ಡರ್ (ಬಾಲದ ಚುಕ್ಕಾಣಿ) ಚಲಿಸುವ ಸಾಮಾನ್ಯ ಜಾಯ್‌ಸ್ಟಿಕ್. ದೋಷ ಎಲ್ಲಿದೆ? ಮಾದರಿಯ ಫೈಲ್‌ಗಳಲ್ಲಿ ಘರ್ಷಣೆಯ ಅಂಕಿಗಳನ್ನು ಬದಲಾಯಿಸಿದರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ನಾಲ್ಕು ದೂರುಗಳಿಗೆ ಒಂದೇ ಮೂಲವಿಲ್ಲ, ಆದ್ದರಿಂದ ಒಂದು ಅಂಕಿಯನ್ನು ಬದಲಾಯಿಸಿ ನಾಲ್ಕನ್ನೂ ಸರಿಪಡಿಸಲು ಆಗುವುದಿಲ್ಲ. ಮೊದಲನೆಯದಕ್ಕೆ ಮಾದರಿಯೂ ಕಾರಣವಿರಬಹುದು, ಥ್ರಸ್ಟ್ ಲಿವರ್ ನಡೆಸುವ ರೀತಿಯೂ ಕಾರಣವಿರಬಹುದು. ಎರಡನೆಯದಕ್ಕೆ ಬಹುಮಟ್ಟಿಗೆ ನಿಮ್ಮ ಜಾಯ್‌ಸ್ಟಿಕ್ ಕಾರಣವೆಂದು ನನ್ನ ಅಂದಾಜು. ಮೂರನೆಯದರಲ್ಲಿ ಸಿಮ್ಯುಲೇಟರಿನ ಟೈರ್ ಗಣಿತದ ಪಾಲು ದೊಡ್ಡದಿರಬಹುದು. ನಾಲ್ಕನೆಯದು ಬಹುಶಃ ದೋಷವೇ ಅಲ್ಲ; ಸಿಆರ್‌ಜೆಗೂ ಇ-ಜೆಟ್‌ಗೂ ನಿಜವಾಗಿಯೇ ಇರುವ ವ್ಯತ್ಯಾಸ ಅದು. ಅನಿಸಿಕೆಯ ಮೇಲೆ ಅಂಕಿ ತಿದ್ದುವುದಕ್ಕಿಂತ ಮೊದಲು ಗಡಿಯಾರ ಹಿಡಿದು ಅಳೆಯಬೇಕೆಂಬುದು ನನ್ನ ಸಲಹೆ. ಅದಕ್ಕೆ ಬೇಕಾದ ಲೆಕ್ಕಗಳನ್ನು ಇಲ್ಲಿ ವಿವರವಾಗಿ ಕೊಡುತ್ತೇನೆ.

ಆಕಾಶದಲ್ಲಿ ಸರಿಯಾಗಿ ಹಾರುವ ಮಾದರಿ ನೆಲದ ಮೇಲೆ ಏಕೆ ತಡವರಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಹಾರಾಟದಲ್ಲಿ ರೆಕ್ಕೆ ಮತ್ತು ಬಾಲದ ಬಲಗಳು ನಯವಾಗಿ, ಕ್ರಮೇಣ ಬದಲಾಗುತ್ತವೆ. ಸಿಮ್ಯುಲೇಟರ್ ಸೆಕೆಂಡಿಗೆ 30 ಸಲ ಲೆಕ್ಕ ಹಾಕಿದರೂ ದೊಡ್ಡ ಜೆಟ್ ಒಂದರ ಚಲನೆ ಕೆಡುವುದಿಲ್ಲ. ನೆಲದ ಮೇಲೆ ಹಾಗಲ್ಲ. ಮೂವತ್ತು ಟನ್ನಿನ ವಸ್ತುವೊಂದು ಮೂರು ಗಡಸು ಸ್ಪ್ರಿಂಗ್‌ಗಳ ಮೇಲೆ ನಿಂತಿರುತ್ತದೆ; ಕೆಲವು ಸೆಂಟಿಮೀಟರ್ ಕುಸಿದರೆ ಟನ್ನುಗಟ್ಟಲೆ ಬಲ ಹುಟ್ಟುತ್ತದೆ. ಇಂಥ ಗಡಸು ಸ್ಪ್ರಿಂಗ್‌ನ ಲೆಕ್ಕವನ್ನು ದೊಡ್ಡ ಕಾಲಹೆಜ್ಜೆಗಳಲ್ಲಿ ಮಾಡಿದರೆ ಉತ್ತರ ಗುರಿಯ ಆಚೀಚೆ ಓಲಾಡುತ್ತದೆ, ಪರದೆಯ ಮೇಲೆ ವಿಮಾನ ನಡುಗುತ್ತದೆ. ಎಕ್ಸ್‌-ಪ್ಲೇನ್ ಎಂಬ ಸಿಮ್ಯುಲೇಟರಿನಲ್ಲಿ ಪ್ರತಿ ಫ್ರೇಮಿಗೆ (ಪರದೆಯ ಒಂದೊಂದು ಚಿತ್ರಕ್ಕೆ) ಹಾರಾಟದ ಗಣಿತವನ್ನು ಎಷ್ಟು ಬಾರಿ ನಡೆಸಬೇಕೆಂದು ಆರಿಸುವ ಸೌಲಭ್ಯ ಇರುವುದು ಇಂಥ ಸಂದರ್ಭಗಳಿಗಾಗಿಯೇ. ಫ್ಲೈಟ್‌ಗೇರ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವ ಜೆಎಸ್‌ಬಿಸಿಮ್ ಎಂಬ ಹಾರಾಟದ ಗಣಿತವೂ ಸಾಮಾನ್ಯವಾಗಿ ಸೆಕೆಂಡಿಗೆ 120 ಸಲ ನಡೆಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ದೊಡ್ಡ ವಿಮಾನ ನಿಲ್ದಾಣದ ಏಪ್ರನ್ (ವಿಮಾನಗಳು ನಿಲ್ಲುವ ಅಂಗಳ) ಮೇಲೆ ಫ್ರೇಮ್ ದರ ಕುಸಿಯುತ್ತಿದ್ದು, ತೊಂದರೆಯೂ ಅಲ್ಲಿಯೇ ಹೆಚ್ಚೆನಿಸಿದರೆ, ಅದೇ ಪರೀಕ್ಷೆಯನ್ನು ಕಟ್ಟಡಗಳಿಲ್ಲದ ಸಣ್ಣ ನಿಲ್ದಾಣದಲ್ಲಿ ಮಾಡಿ ನೋಡಿ. ವ್ಯತ್ಯಾಸ ಕಂಡರೆ ತಪ್ಪು ವಿಮಾನದ್ದಲ್ಲ.

ಇನ್ನೊಂದು ಕಷ್ಟ ಟೈರಿನದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ವಿಮಾನ ಫೈಲ್‌ನಲ್ಲಿ ಪ್ರತಿಯೊಂದು ಚಕ್ರವೂ ಒಂದು ಸಾಲು ಅಂಕಿಗಳಾಗಿರುತ್ತದೆ: ಚಕ್ರ ಇರುವ ಸ್ಥಾನ, ತ್ರಿಜ್ಯ, ತಿರುಗುವ ಗರಿಷ್ಠ ಕೋನ, ನಿಂತಾಗ ಸ್ಪ್ರಿಂಗ್ ಕುಸಿಯುವ ಪ್ರಮಾಣ, ಅದರ ತೂಗಾಟವನ್ನು ತಗ್ಗಿಸುವ ಡ್ಯಾಂಪಿಂಗ್ ಇತ್ಯಾದಿ. ಜೆಎಸ್‌ಬಿಸಿಮ್‌ನಲ್ಲಿ ನಿಂತಾಗಿನ ಘರ್ಷಣೆ, ಜಾರುವಾಗಿನ ಘರ್ಷಣೆ, ಉರುಳುವಾಗಿನ ಘರ್ಷಣೆ ಎಂದು ಮೂರು ಗುಣಾಂಕಗಳನ್ನು ಪ್ರತ್ಯೇಕವಾಗಿ ಕೊಡಬಹುದು. ಮಾದರಿಯ ಮೊದಲ ಕರಡನ್ನು ತಾನೇ ಬರೆದುಕೊಡುವ ಅದರ ಉಪಕರಣ ಇವಕ್ಕೆ 0.8, 0.5 ಮತ್ತು 0.02 ಎಂಬ ಬೆಲೆಗಳನ್ನು ತುಂಬುತ್ತದೆ. ಆದರೆ ನಿಜವಾದ ಟೈರ್ ಒಂದು ಬಿಂದುವಲ್ಲ. ಅದು ತಾನು ಉರುಳುವ ದಿಕ್ಕಿಗೂ ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಸಣ್ಣ ಕೋನವನ್ನು ಬಿಟ್ಟುಕೊಂಡು, ರಬ್ಬರು ತಿರುಚಿಕೊಂಡು, ಆ ತಿರುಚುವಿಕೆಯಿಂದಲೇ ಅಡ್ಡಬಲವನ್ನು ಹುಟ್ಟಿಸುತ್ತದೆ. ಈ ಗುಣವನ್ನು ಒರಟಾಗಿ ಅನುಕರಿಸುವ ಸಿಮ್ಯುಲೇಟರಿನಲ್ಲಿ ಟೈರು ಒಂದೋ ಪೂರ್ತಿ ಹಿಡಿದಿರುತ್ತದೆ, ಇಲ್ಲವೇ ಒಮ್ಮೆಗೇ ಬಿಟ್ಟುಬಿಡುತ್ತದೆ. ನೆಲದ ಮೇಲಿನ ವರ್ತನೆಯಲ್ಲಿ ದೊಡ್ಡ ಭಾಗ ವಿಮಾನ ತಯಾರಿಸಿದವರ ಕೈಯಲ್ಲಿಲ್ಲ, ಅದು ಸಿಮ್ಯುಲೇಟರಿನ ತಳಹದಿಯಿಂದಲೇ ಬರುತ್ತದೆ. ಹೊಸ ಮಾದರಿಯ ಕಾಕ್‌ಪಿಟ್ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ನಿಂತಿರುವುದು ಆ ತಳಹದಿಯ ಟೈರುಗಳ ಮೇಲೆ.

ಈಗ ಮೊದಲನೆಯ ದೂರನ್ನು ನೋಡೋಣ. ಒಣಗಿದ ಗಟ್ಟಿ ನೆಲದ ಮೇಲೆ ವಿಮಾನದ ಟೈರಿನ ಉರುಳು ಘರ್ಷಣೆಯ ಗುಣಾಂಕ ಸುಮಾರು 0.02. ನಿಮ್ಮದು ಇ-ಜೆಟ್ ಸಾಲಿನ ಇ175 ಎಂದೂ ಅದು ಸುಮಾರು 32 ಟನ್ ತೂಗುತ್ತಿದೆ ಎಂದೂ ಇಟ್ಟುಕೊಳ್ಳಿ. ಅದನ್ನು ಉರುಳಿಸುತ್ತಿರಲು ಬೇಕಾದ ಬಲ ಸುಮಾರು 6.3 ಕಿಲೋನ್ಯೂಟನ್. ಅದರ ಸಿಎಫ್‌34 ಎಂಜಿನ್ ಒಂದೊಂದೂ ಗರಿಷ್ಠವಾಗಿ ಸುಮಾರು 60 ಕಿಲೋನ್ಯೂಟನ್ ಕೊಡುತ್ತದೆ. ಐಡಲ್‌ನಲ್ಲಿ, ಅಂದರೆ ಥ್ರಸ್ಟ್ ಲಿವರ್ ಪೂರ್ತಿ ಹಿಂದಿರುವಾಗ, ಅದರ ನೂರಕ್ಕೆ ನಾಲ್ಕೂವರೆ ಭಾಗ ಸಿಗುತ್ತದೆಂದು ಊಹಿಸಿದರೆ ಎರಡು ಎಂಜಿನ್‌ಗಳಿಂದ ಸುಮಾರು 5.5 ಕಿಲೋನ್ಯೂಟನ್. ಈ ಎರಡು ಅಂಕಿಗಳು ಎಷ್ಟು ಹತ್ತಿರದಲ್ಲಿವೆ ನೋಡಿ. ಗುಣಾಂಕ 0.015 ಆದರೆ ಬೇಕಾದ ಬಲ 4.7ಕ್ಕೆ ಇಳಿದು ವಿಮಾನ ಐಡಲ್‌ನಲ್ಲಿಯೇ ಓಡುತ್ತದೆ, 0.025 ಆದರೆ 7.8ಕ್ಕೆ ಏರಿ ಅದು ಕದಲುವುದೇ ಇಲ್ಲ. ಅಷ್ಟು ಸಣ್ಣ ವ್ಯತ್ಯಾಸ ಸಾಕು. ಪ್ರಯಾಣಿಕರಿಲ್ಲದೆ ಹಗುರಾಗಿರುವ ಜೆಟ್ ಬ್ರೇಕ್ ಬಿಟ್ಟ ಕೂಡಲೇ ತಾನಾಗಿ ಉರುಳುವುದು, ತುಂಬಿದ ಜೆಟ್‌ಗೆ ಸ್ವಲ್ಪ ಥ್ರಸ್ಟ್ ಬೇಕಾಗುವುದು ಸಹಜ. ಮೈಕ್ರೋಸಾಫ್ಟ್‌ನ ಹಳೆಯ ಸಿಮ್ಯುಲೇಟರ್ ಆದ ಎಫ್‌ಎಸ್‌ಎಕ್ಸ್ ಮೇಲೆ ಕೈ ಪಳಗಿಸಿಕೊಂಡವರಿಗೆ ಇದು ವಿಚಿತ್ರವೆನಿಸುತ್ತದೆ, ಏಕೆಂದರೆ ಅದರಲ್ಲಿ ನೆಲದ ಘರ್ಷಣೆ ಹೆಚ್ಚಾಗಿಯೇ ಇತ್ತು. ಟ್ಯಾಕ್ಸಿಯುದ್ದಕ್ಕೂ (ನೆಲದ ಮೇಲೆ ಉರುಳಿ ಸಾಗುವಾಗಲೆಲ್ಲ) ಥ್ರಸ್ಟ್ ಕೊಡುತ್ತಲೇ ಇರುವ ಅಭ್ಯಾಸವನ್ನು ಆ ಸಿಮ್ಯುಲೇಟರ್ ನಮಗೆಲ್ಲ ಕಲಿಸಿಬಿಟ್ಟಿತು.

ಪರೀಕ್ಷೆ ಹೀಗಿದೆ. ಗಾಳಿಯನ್ನು ಸೊನ್ನೆಗೆ ಇಳಿಸಿ, ಉದ್ದವಾದ ರನ್‌ವೇಯಲ್ಲಿ ವಿಮಾನವನ್ನು 25 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್) ವೇಗಕ್ಕೆ ತಂದು ಎರಡೂ ಎಂಜಿನ್‌ಗಳ ಇಂಧನ ನಿಲ್ಲಿಸಿ. ಎಂಜಿನ್‌ಗಳ ನೂಕುಬಲ ತಗ್ಗಿದ ಮೇಲೆ ವೇಗ 20ರಿಂದ 10 ನಾಟ್‌ಗೆ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಅಳೆಯಿರಿ. ಗುಣಾಂಕ 0.02 ಇದ್ದರೆ ಸುಮಾರು 26 ಸೆಕೆಂಡ್ ಬೇಕು. ಹತ್ತೇ ಸೆಕೆಂಡಿನಲ್ಲಿ ಇಳಿದರೆ ಗುಣಾಂಕ 0.05ರ ಮೇಲಿದೆ ಎಂದರ್ಥ, 50 ಸೆಕೆಂಡ್ ಹಿಡಿದರೆ ಅದು 0.01ರ ಸಮೀಪವಿದೆ. ಈಗಿನ ಸಿಮ್ಯುಲೇಟರುಗಳಲ್ಲಿ ರನ್‌ವೇಗೆ ನಿಜವಾದ ಇಳಿಜಾರು ಇರುವುದರಿಂದ ಪರೀಕ್ಷೆಯನ್ನು ಎರಡೂ ದಿಕ್ಕುಗಳಲ್ಲಿ ಮಾಡಿ ಸರಾಸರಿ ತೆಗೆದುಕೊಳ್ಳಿ. ನೂರಕ್ಕೆ ಒಂದರಷ್ಟು ಇಳಿಜಾರು ಉರುಳು ಘರ್ಷಣೆಯ ಅರ್ಧದಷ್ಟು ಬಲಕ್ಕೆ ಸಮ. ಉತ್ತರ 20ರಿಂದ 35 ಸೆಕೆಂಡುಗಳ ನಡುವೆ ಬಂದರೆ ಮಾದರಿಯಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಆಗ ಉಳಿಯುವ ಕಾರಣ ಲಿವರ್ ನಡೆಸುವ ರೀತಿ. ಜೆಟ್ ಎಂಜಿನ್ ಐಡಲ್‌ನಿಂದ ಮೇಲೇರಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಲಿವರ್ ಸ್ವಲ್ಪ ಮುಂದಿಟ್ಟು, ವಿಮಾನ ಕದಲಲಿಲ್ಲವೆಂದು ಇನ್ನಷ್ಟು ಮುಂದಿಟ್ಟರೆ, ಮೊದಲು ಕೇಳಿದ್ದು ಮತ್ತು ಆಮೇಲೆ ಕೇಳಿದ್ದು ಎರಡೂ ಒಟ್ಟಿಗೆ ಬಂದು ವಿಮಾನ ಓಡುತ್ತದೆ. ಒಂದೇ ಸಲ ಸ್ವಲ್ಪ ಥ್ರಸ್ಟ್ ಕೊಟ್ಟು, ಕಾದು, ಕದಲಿದ ಕೂಡಲೇ ಐಡಲ್‌ಗೆ ತರಬೇಕು. ಬಳಿಕ ವೇಗ 20 ನಾಟ್ ದಾಟಿದರೆ ಬ್ರೇಕನ್ನು ಮೆಲ್ಲಗೆ ಒಮ್ಮೆ ಒತ್ತಿ 10ರವರೆಗೆ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಸದಾ ಬ್ರೇಕ್ ಎಳೆಯುತ್ತ ಹೋಗುವುದು ನಿಜವಾದ ವಿಮಾನದಲ್ಲಿ ಬ್ರೇಕನ್ನು ಬಿಸಿ ಮಾಡುವ ಕೆಟ್ಟ ಅಭ್ಯಾಸ.

ಎರಡನೆಯ ದೂರು ತಿರುವಿನದು. ಇಲ್ಲಿ ವೇಗದ ವರ್ಗ ಕೆಲಸ ಮಾಡುತ್ತದೆ ಎಂಬುದನ್ನು ಮರೆತರೆ ಯಾವ ಮಾದರಿಯೂ ತಪ್ಪಾಗಿ ಕಾಣುತ್ತದೆ. 20 ಮೀಟರ್ ತ್ರಿಜ್ಯದ ತಿರುವನ್ನು 10 ನಾಟ್‌ನಲ್ಲಿ ತೆಗೆದುಕೊಂಡರೆ ಅಡ್ಡ ವೇಗೋತ್ಕರ್ಷ ಗುರುತ್ವದ 0.13 ಭಾಗ, ಅದೇ ತಿರುವನ್ನು 20 ನಾಟ್‌ನಲ್ಲಿ ತೆಗೆದುಕೊಂಡರೆ 0.54 ಭಾಗ. ನಿಜವಾದ ವಿಮಾನದಲ್ಲಿ ಎರಡನೆಯದನ್ನು ಯಾರೂ ಮಾಡುವುದಿಲ್ಲ; ಮಾಡಿದರೆ ಮೂತಿಚಕ್ರ ಜಾರಿಯೇ ಜಾರುತ್ತದೆ, ಏಕೆಂದರೆ ವಿಮಾನದ ತೂಕದಲ್ಲಿ ಮೂತಿಚಕ್ರದ ಮೇಲೆ ಬೀಳುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಪರದೆಯ ಮುಂದೆ ಕೂತವರಿಗೆ ಆ ಅಡ್ಡ ಎಳೆತ ದೇಹಕ್ಕೆ ತಿಳಿಯುವುದಿಲ್ಲ, ಎತ್ತರದ ಕಾಕ್‌ಪಿಟ್‌ನಿಂದ ನೋಡುವಾಗ 20 ನಾಟ್ ನಡಿಗೆಯಂತೆ ಕಾಣುತ್ತದೆ. ಆದ್ದರಿಂದ ತಿರುವಿಗೆ ಮುಂಚೆ ಕಿಟಕಿಯನ್ನಲ್ಲ, ನೆಲವೇಗದ ಅಂಕಿಯನ್ನು ನೋಡಿ ಹತ್ತಕ್ಕೆ ಇಳಿಸಿಕೊಳ್ಳಬೇಕು. ನೆಲ ಒದ್ದೆಯಿದ್ದರೆ ಇನ್ನೂ ಕಡಿಮೆ.

ಇದಕ್ಕಿಂತ ದೊಡ್ಡ ಕಾರಣ ನಿಮ್ಮ ಜಾಯ್‌ಸ್ಟಿಕ್. ನಿಜವಾದ ಪ್ರಾದೇಶಿಕ ಜೆಟ್‌ಗಳಲ್ಲಿ ಮೂತಿಚಕ್ರವನ್ನು ತಿರುಗಿಸಲು ಎರಡು ದಾರಿಗಳಿವೆ. ಕ್ಯಾಪ್ಟನ್‌ರ ಎಡಗೈ ಬಳಿ ಇರುವ ಟಿಲ್ಲರ್ ಎಂಬ ಹಿಡಿ ಅದನ್ನು 70ರಿಂದ 80 ಡಿಗ್ರಿಯವರೆಗೆ ತಿರುಗಿಸುತ್ತದೆ. ರಡ್ಡರ್ ಪೆಡಲ್‌ಗಳು ತಿರುಗಿಸುವುದು ಕೇವಲ ಐದರಿಂದ ಏಳೆಂಟು ಡಿಗ್ರಿ. ಇ-ಜೆಟ್‌ನಲ್ಲಿ ಟಿಲ್ಲರನ್ನು ಕೆಳಕ್ಕೆ ಒತ್ತಿದ ಮೇಲೆಯೇ ಅದು ಚಕ್ರದೊಡನೆ ಜೋಡಿಕೊಳ್ಳುತ್ತದೆ. ಸಿಆರ್‌ಜೆಯಲ್ಲಿ ಮೂತಿಚಕ್ರದ ಸ್ಟೀರಿಂಗ್‌ಗೆ ಪ್ರತ್ಯೇಕ ಸ್ವಿಚ್ ಇದೆ. ಅದನ್ನು ಹಾಕದೆ ಹೊರಟರೆ ಚಕ್ರ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ದಿಕ್ಕು ಹಿಡಿಯಲು ಎಡಬಲ ಬ್ರೇಕ್‌ಗಳೇ ಗತಿ. ಈ ಎರಡು ದಾರಿಗಳನ್ನು ಪ್ರತ್ಯೇಕ ಇಟ್ಟಿರುವುದಕ್ಕೆ ಗಟ್ಟಿಯಾದ ಕಾರಣವಿದೆ. ಇ-ಜೆಟ್ ಸಾಲಿನಲ್ಲಿ ಇನ್ನೂ ಉದ್ದವಾದ ಇ190ರ ಮೂತಿಚಕ್ರಕ್ಕೂ ಮುಖ್ಯ ಚಕ್ರಗಳಿಗೂ ನಡುವಿನ ದೂರ ಸುಮಾರು 14 ಮೀಟರ್. 60 ನಾಟ್ ವೇಗದಲ್ಲಿ ಮೂತಿಚಕ್ರವನ್ನು ಐದು ಡಿಗ್ರಿ ತಿರುಗಿಸಿದರೆ, ಟೈರು ಜಾರದಿದ್ದ ಪಕ್ಷದಲ್ಲಿ, ವಿಮಾನ 160 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕು. ಅಡ್ಡ ವೇಗೋತ್ಕರ್ಷ ಗುರುತ್ವದ 0.6 ಭಾಗವಾಗಬೇಕು. ಟೈರು ಅಷ್ಟನ್ನು ತಾಳದೆ ಜಾರುತ್ತದೆ. ಅದೇ ವೇಗದಲ್ಲಿ ಒಂದು ಡಿಗ್ರಿ ತಿರುಗಿಸಿದರೆ 0.12 ಭಾಗ, 100 ನಾಟ್‌ನಲ್ಲಿ ಆ ಒಂದು ಡಿಗ್ರಿಯೇ 0.34 ಭಾಗಕ್ಕೆ ಸಾಕು.

ಈಗ ಹಿಡಿ ತಿರುಚುವ ಜಾಯ್‌ಸ್ಟಿಕ್ ಅನ್ನು ಯೋಚಿಸಿ. ಅದರ ಒಟ್ಟು ಚಲನೆ ಮಧ್ಯದಿಂದ ಒಂದು ಬದಿಗೆ ಇಪ್ಪತ್ತು ಡಿಗ್ರಿಯ ಆಸುಪಾಸು. ಟಿಲ್ಲರಿನ 75 ಡಿಗ್ರಿಯನ್ನೂ ರಡ್ಡರನ್ನೂ ಒಂದೇ ಅಕ್ಷಕ್ಕೆ ಕಟ್ಟಿದ್ದರೆ, ಕೈ ಒಂದು ಡಿಗ್ರಿ ಅಲುಗಿದಾಗ ಮೂತಿಚಕ್ರ ನಾಲ್ಕು ಡಿಗ್ರಿಯಷ್ಟು ತಿರುಗುತ್ತದೆ. ಹಲವು ಮಾದರಿಗಳು ವೇಗ ಹೆಚ್ಚಿದಂತೆ ಕೋನವನ್ನು ತಾವೇ ತಗ್ಗಿಸಿ ಇದನ್ನು ಮರೆಮಾಚುತ್ತವೆ. ನೀವು ಬಳಸುತ್ತಿದ್ದ ಸಿಆರ್‌ಜೆ ಹಾಗೆ ಮಾಡುತ್ತಿದ್ದು, ಹೊಸ ಮಾದರಿ ಹಾಗೆ ಮಾಡದಿದ್ದರೆ, ಅಥವಾ ಬೇರೆ ವೇಗದಲ್ಲಿ ತಗ್ಗಿಸಿದರೆ, ನಿಮ್ಮ ಕೈಗೆ ಅದು ಜಾರಿದಂತೆ ಅನಿಸಿಯೇ ತೀರುತ್ತದೆ. ಪರಿಹಾರವೆಂದರೆ ಮೂತಿಚಕ್ರಕ್ಕೆ ಬೇರೆ ಅಕ್ಷವನ್ನು ಕೊಡುವುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿಯೂ ಎಕ್ಸ್‌-ಪ್ಲೇನ್‌ನಲ್ಲಿಯೂ ಟಿಲ್ಲರಿಗೆ ಪ್ರತ್ಯೇಕ ಅಕ್ಷ ಕಟ್ಟಿಕೊಳ್ಳಬಹುದು. ಎರಡನೆಯ ಹಳೆಯ ಜಾಯ್‌ಸ್ಟಿಕ್ ಇದ್ದರೆ ಅದೇ ಸಾಕು. ಅದರ ಅಡ್ಡ ಚಲನೆಯನ್ನು ಟಿಲ್ಲರ್ ಮಾಡಿಕೊಂಡು ಎಡಗೈಯಲ್ಲಿ ಹಿಡಿಯಿರಿ. ಅದೂ ಇಲ್ಲದಿದ್ದರೆ ತಿರುಚುವ ಅಕ್ಷದ ಸೂಕ್ಷ್ಮತೆಯ ರೇಖೆಯನ್ನು ಮಧ್ಯದಲ್ಲಿ ಚಪ್ಪಟೆಯಾಗಿ, ಅಂಚಿನಲ್ಲಿ ಕಡಿದಾಗಿ ಬಾಗಿಸಿ, ಮಧ್ಯದಲ್ಲಿ ಸಣ್ಣದೊಂದು ನಿಷ್ಕ್ರಿಯ ವಲಯವನ್ನು ಬಿಡಿ. ಹಾಗೆಯೇ ಸ್ವಯಂಚಾಲಿತ ರಡ್ಡರ್ ನೆರವು ಚಾಲನೆಯಲ್ಲಿದ್ದರೆ ಅದನ್ನು ನಿಲ್ಲಿಸಲೇಬೇಕು. ಅದು ಏಲೆರಾನ್ (ವಿಮಾನವನ್ನು ವಾಲಿಸುವ, ರೆಕ್ಕೆಯ ಅಂಚಿನ ಹಲಗೆ) ಜೊತೆಗೆ ರಡ್ಡರನ್ನೂ ತಿರುಗಿಸುವುದರಿಂದ, ಅಡ್ಡಗಾಳಿಯಲ್ಲಿ ನಿಯಮದಂತೆ ಏಲೆರಾನನ್ನು ಗಾಳಿಯ ಕಡೆಗೆ ಇಟ್ಟಾಗ ರಡ್ಡರ್ ಕೂಡ ಗಾಳಿಯ ಕಡೆಗೇ ತಿರುಗಿ ನಿಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ.

ಮೂರನೆಯ ದೂರು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಇದರ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆ ಬಹಳ. ಬಾಲದ ನೆಟ್ಟಗಿನ ರೆಕ್ಕೆಯ ಮೇಲೆ ಗಾಳಿ ಬಡಿದಾಗ ವಿಮಾನ ಗಾಳಿಕೋಳಿಯಂತೆ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುವುದು ನಿಜವೇ. ಎಷ್ಟು ಬಲದಿಂದ ಎಂಬುದು ಪ್ರಶ್ನೆ. ನಿಂತಿರುವ ವಿಮಾನಕ್ಕೆ ಪಕ್ಕದಿಂದ 15 ನಾಟ್ ಗಾಳಿ ಬೀಸುತ್ತಿದೆ ಎನ್ನಿ. ಆ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ 36 ನ್ಯೂಟನ್ ಮಾತ್ರ. ಬಾಲದ ರೆಕ್ಕೆ 11 ಚದರ ಮೀಟರ್ ಇದ್ದರೆ ಅದರ ಮೇಲಿನ ಬಲ ಸುಮಾರು 400 ನ್ಯೂಟನ್. ಅದನ್ನು ತಡೆಯಲು ಮೂತಿಚಕ್ರ ಕೊಡಬೇಕಾದ ಅಡ್ಡಬಲವೂ ಹೆಚ್ಚುಕಡಿಮೆ ಅಷ್ಟೇ. ಮೂತಿಚಕ್ರದ ಮೇಲೆ ಮೂರು ಟನ್ ಭಾರವಿರುವಾಗ ಒಣನೆಲದಲ್ಲಿ ಅದು ಹದಿನೈದು ಸಾವಿರ ನ್ಯೂಟನ್‌ಗಿಂತ ಹೆಚ್ಚು ಅಡ್ಡಬಲವನ್ನು ತಾಳಬಲ್ಲದು. ಅಂದರೆ ಬೇಕಾದುದಕ್ಕಿಂತ ಮೂವತ್ತೈದು ಪಟ್ಟು ಹೆಚ್ಚು ಹಿಡಿತ ಅಲ್ಲಿದೆ. ಆದ್ದರಿಂದ ಎಂಜಿನ್ ನಿಲ್ಲಿಸಿ, ಸಮತಟ್ಟಾದ ಒಣನೆಲದ ಮೇಲೆ ಬ್ರೇಕ್ ಬಿಟ್ಟು, 15 ನಾಟ್ ಅಡ್ಡಗಾಳಿ ಹಾಕಿ ನೋಡಿ. ವಿಮಾನ ತಿರುಗಬಾರದು, ಪಕ್ಕಕ್ಕೆ ಜಾರಬಾರದು. ತಿರುಗಿದರೆ ಅದು ಗಾಳಿಯ ಗಣಿತದ ತಪ್ಪಲ್ಲ. ಕಡಿಮೆ ವೇಗದಲ್ಲಿ ಟೈರಿನ ಅಡ್ಡ ಹಿಡಿತವನ್ನು ಲೆಕ್ಕ ಹಾಕುವ ರೀತಿಯ ತಪ್ಪು. ವೇಗ ಸೊನ್ನೆಯ ಹತ್ತಿರ ಬಂದಾಗ ಘರ್ಷಣೆಯ ದಿಕ್ಕನ್ನು ನಿರ್ಧರಿಸುವುದೇ ಗಣಿತಕ್ಕೆ ಕಷ್ಟ, ಹಾಗಾಗಿ ಇಲ್ಲಿ ಒಂದೊಂದು ಸಿಮ್ಯುಲೇಟರ್ ಒಂದೊಂದು ಉಪಾಯ ಹೂಡುತ್ತದೆ.

ವೇಗ ಹೆಚ್ಚಿದಾಗ ಚಿತ್ರ ಬದಲಾಗುತ್ತದೆ. ವಿಮಾನದ ವೇಗ ಏರಿದಷ್ಟೂ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಆದರೆ ಅಡ್ಡಗಾಳಿ ಮಾಡುವ ಕೋನ ವೇಗ ಏರಿದಂತೆ ಕಿರಿದಾಗುತ್ತದೆ. ಎರಡನ್ನೂ ಗುಣಿಸಿದರೆ ತಿರುಗಿಸುವ ಬಲ ವೇಗಕ್ಕೆ ನೇರ ಅನುಪಾತದಲ್ಲಿ ಹೆಚ್ಚುತ್ತದೆ. ರಡ್ಡರಿನ ಶಕ್ತಿಯಾದರೋ ವೇಗದ ವರ್ಗದಂತೆ ಹೆಚ್ಚುತ್ತದೆ. ಹೀಗಾಗಿ ವೇಗ ಹೆಚ್ಚಿದಷ್ಟೂ ರಡ್ಡರೇ ಗೆಲ್ಲುತ್ತ ಹೋಗುತ್ತದೆ. ತೀರ ಕಡಿಮೆ ವೇಗದಲ್ಲಿ ಟೈರು ಸುಲಭವಾಗಿ ಗೆಲ್ಲುತ್ತದೆ. ಎಚ್ಚರ ಬೇಕಾದುದು ನಡುವಿನ 50ರಿಂದ 80 ನಾಟ್ ವಲಯದಲ್ಲಿ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ 80 ನಾಟ್‌ನಲ್ಲಿ ಬಾಲದ ಮೇಲಿನ ಬಲ ಆರೂವರೆ ಸಾವಿರ ನ್ಯೂಟನ್‌ವರೆಗೆ ಹೋಗುತ್ತದೆ, ವಿಮಾನದ ಮುಂಭಾಗದ ಮೇಲಿನ ಗಾಳಿ ಅದರಲ್ಲಿ ಒಂದು ಪಾಲನ್ನು ಕಳೆಯುತ್ತದೆ. ಈ ಹಂತದಲ್ಲಿ ಗಾಳಿ ಬರುವ ಕಡೆಗೆ ಎಳೆತ ಸ್ಪಷ್ಟವಾಗಿ ಅನಿಸಬೇಕು, ವಿರುದ್ಧ ದಿಕ್ಕಿನ ರಡ್ಡರನ್ನು ಸ್ವಲ್ಪ ಹೊತ್ತು ಹಿಡಿದಿರಬೇಕು, ವೇಗ ಏರಿದಂತೆ ಅದನ್ನು ಮೆಲ್ಲಗೆ ಸಡಿಲಿಸಬೇಕು. ನಿಮ್ಮ ಮಾದರಿ ಇದೇ ಕ್ರಮದಲ್ಲಿ ವರ್ತಿಸಿದರೆ ಅದು ಸರಿಯಾಗಿದೆ, ನಿಮಗೆ ಬೇಕಾದುದು ಅಭ್ಯಾಸ. 20 ನಾಟ್‌ನಲ್ಲಿಯೇ ಸುಂಟರಗಾಳಿಗೆ ಸಿಕ್ಕಂತೆ ತಿರುಗಿದರೆ ಅದು ತಪ್ಪು, ಅಭ್ಯಾಸದಿಂದ ಅದನ್ನು ತಿದ್ದಲಾಗದು.

ನಾಲ್ಕನೆಯ ದೂರಿಗೆ ಬರೋಣ. ಸಿಆರ್‌ಜೆ ಹುಟ್ಟಿದ್ದು ಚಾಲೆಂಜರ್ ಎಂಬ ಖಾಸಗಿ ಜೆಟ್‌ನಿಂದ. 1991ರಲ್ಲಿ ಮೊದಲು ಹಾರಿ, 1992ರಲ್ಲಿ ಸೇವೆಗೆ ಬಂದು, 2021ರಲ್ಲಿ ತಯಾರಿಕೆ ಮುಗಿಯುವವರೆಗೂ ಆ ಮೈಕಟ್ಟನ್ನು ಅದು ಉಳಿಸಿಕೊಂಡಿತು. ಎಂಜಿನ್‌ಗಳು ಹಿಂದೆ, ಒಡಲಿಗೆ ಅಂಟಿಕೊಂಡು, ಗುರುತ್ವ ಕೇಂದ್ರಕ್ಕಿಂತ ಮೇಲೆ ಇವೆ. ಪೂರ್ಣ ಥ್ರಸ್ಟ್ ಕೊಟ್ಟಾಗ ಅವು ಮೂತಿಯನ್ನು ಕೆಳಕ್ಕೆ ಒತ್ತುತ್ತವೆ. ಮೂತಿಚಕ್ರದ ಮೇಲೆ ಭಾರ ಹೆಚ್ಚಿ ಹಿಡಿತ ಬಿಗಿಯಾಗುತ್ತದೆ. 2002ರಲ್ಲಿ ಮೊದಲು ಹಾರಿದ ಇ170 ಮತ್ತು ಅದರ ಒಡಹುಟ್ಟುಗಳಲ್ಲಿ ಎಂಜಿನ್‌ಗಳು ರೆಕ್ಕೆಯ ಕೆಳಗೆ, ಗುರುತ್ವ ಕೇಂದ್ರಕ್ಕಿಂತ ಕೆಳಗೆ ಇವೆ. ಅಲ್ಲಿ ಥ್ರಸ್ಟ್ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತದೆ. ಆ ಅಂತರ ಒಂದು ಮೀಟರ್ ಎಂದು ಇಟ್ಟುಕೊಂಡು ಇ175ರ ಎರಡೂ ಎಂಜಿನ್‌ಗಳ ಪೂರ್ಣ ಬಲವನ್ನು ಲೆಕ್ಕಕ್ಕೆ ಹಿಡಿದರೆ, ಮೂತಿಚಕ್ರದ ಮೇಲಿನ ಭಾರದಲ್ಲಿ ಸುಮಾರು ಒಂದು ಟನ್ ಕಡಿಮೆಯಾಗುತ್ತದೆ. ಇದ್ದದ್ದೇ ಮೂರು ಟನ್ನಿನ ಆಸುಪಾಸು. ಸಿಆರ್‌ಜೆಯಿಂದ ಬಂದ ಕೈಗೆ ಮೂತಿ ಸಡಿಲವಾದಂತೆ ಅನಿಸುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಅನಿಸಿದರೆ ಮಾದರಿ ತಯಾರಿಸಿದವರು ಎಂಜಿನ್‌ಗಳ ಸ್ಥಾನವನ್ನು ಶ್ರದ್ಧೆಯಿಂದ ಇಟ್ಟಿದ್ದಾರೆ ಎಂದೇ ತಿಳಿಯಬೇಕು. ಟೇಕಾಫ್ ಓಟದ ಮೊದಲ ಭಾಗದಲ್ಲಿ ನಿಯಂತ್ರಣ ಹಿಡಿಯನ್ನು ಸ್ವಲ್ಪ ಮುಂದಕ್ಕೆ ಒತ್ತಿ ಹಿಡಿದರೆ, ವೇಗ ಏರಿದಂತೆ ಮೂತಿಯ ಮೇಲೆ ಭಾರ ಮರಳುತ್ತದೆ.

ಇನ್ನೂ ಕೆಲವು ವ್ಯತ್ಯಾಸಗಳನ್ನು ನೀವು ಗಮನಿಸಬಹುದು. ಸಿಆರ್‌ಜೆ200ರ ಮುಖ್ಯ ಚಕ್ರಗಳ ನಡುವಿನ ಅಗಲ ಮೂರು ಮೀಟರಿಗಿಂತ ತುಸುವೇ ಹೆಚ್ಚು. ಇ190ರಲ್ಲಿ ಅದು ಆರು ಮೀಟರಿಗೆ ಹತ್ತಿರ. ಆದ್ದರಿಂದ ಎಡಬಲ ಬ್ರೇಕ್‌ಗಳ ವ್ಯತ್ಯಾಸದಿಂದ ತಿರುಗಿಸುವ ಶಕ್ತಿ ಇ-ಜೆಟ್‌ನಲ್ಲಿ ಹೆಚ್ಚು, ತಿರುವಿನಲ್ಲಿ ಪಕ್ಕಕ್ಕೆ ವಾಲುವುದು ಕಡಿಮೆ. ಎರಡು ಎಂಜಿನ್‌ಗಳ ಥ್ರಸ್ಟ್ ಒಟ್ಟಿಗೆ ಏರದಿದ್ದರೆ ಸಿಆರ್‌ಜೆ ಅದನ್ನು ಕ್ಷಮಿಸುತ್ತದೆ. ಇ-ಜೆಟ್‌ನಲ್ಲಿ ಎಂಜಿನ್‌ಗಳು ಮಧ್ಯರೇಖೆಯಿಂದ ದೂರವಿರುವುದರಿಂದ ಮೂತಿ ತಿರುಗುತ್ತದೆ. ಎರಡೂ ಎಂಜಿನ್‌ಗಳನ್ನು ಮೊದಲು ಅರ್ಧದಷ್ಟು ಏರಿಸಿ, ಅಂಕಿಗಳು ಸಮವಾದ ಮೇಲೆ ಪೂರ್ಣ ಥ್ರಸ್ಟ್ ಕೊಡಬೇಕು. ಇಳಿದ ಮೇಲೆ ಇದಕ್ಕೆ ಪ್ರತಿಯಾದ ಗುಣ ಕಾಣುತ್ತದೆ: ಹಿಂದೆ ಎಂಜಿನ್ ಇರುವ ಜೆಟ್‌ಗಳಲ್ಲಿ ರಿವರ್ಸ್ ಥ್ರಸ್ಟ್‌ನ (ವೇಗ ತಗ್ಗಿಸಲು ಮುಂದಕ್ಕೆ ತಿರುಗಿಸಿದ ನೂಕುಬಲದ) ಗಾಳಿ ಬಾಲದ ಸುತ್ತಲಿನ ಹರಿವನ್ನು ಕೆಡಿಸಿ ರಡ್ಡರಿನ ಶಕ್ತಿಯನ್ನು ಕುಗ್ಗಿಸುತ್ತದೆ. ಅಂಥ ಜೆಟ್ ಆದ ಎಂಡಿ-80ರಲ್ಲಿ ಈ ತೊಂದರೆ ಚೆನ್ನಾಗಿ ದಾಖಲಾಗಿದೆ. ಮನೆಯ ಸಿಮ್ಯುಲೇಟರಿನ ಮಾದರಿಗಳಲ್ಲಿ ಇದನ್ನು ಅಳವಡಿಸಿರುವುದು ಅಪರೂಪ. ಅಳವಡಿಸಿದವರ ಕೆಲಸವನ್ನು ನಾನು ಮೆಚ್ಚುತ್ತೇನೆ.

ಎರಡನೇ ತಲೆಮಾರಿನ ಇ190-ಇ2 ಮಾದರಿಯನ್ನು ಕೊಳ್ಳುವ ಯೋಚನೆಯಿದ್ದರೆ ಅದೂ ಬೇರೆಯದೇ ವಿಮಾನವೆಂದು ತಿಳಿದಿರಿ. 2016ರಲ್ಲಿ ಹಾರಿ 2018ರಲ್ಲಿ ಸೇವೆಗೆ ಬಂದ ಅದರ ರೆಕ್ಕೆ ಹರವು 28.7 ಮೀಟರಿನಿಂದ 33.7 ಮೀಟರಿಗೆ ಬೆಳೆದಿದೆ. ಟ್ಯಾಕ್ಸಿವೇ ತಿರುವಿನಲ್ಲಿ ರೆಕ್ಕೆಯ ತುದಿ ಎಲ್ಲಿ ಹಾಯುತ್ತದೆ ಎಂಬ ಅಂದಾಜನ್ನು ಹೊಸದಾಗಿ ಕಲಿಯಬೇಕು. ಎಂಜಿನ್‌ನ ಫ್ಯಾನ್ ಸುಮಾರು 1.35 ಮೀಟರಿನಿಂದ 1.85 ಮೀಟರಿಗೆ ಹಿಗ್ಗಿದೆ. ಹಳೆಯ ಮಾದರಿಯ ಚಕ್ರದ ಅಂಕಿಗಳನ್ನೇ ನಕಲು ಮಾಡಿ ಇ2 ಎಂದು ಕೊಟ್ಟಿದ್ದರೆ ಅದು ನೆಲದ ಮೇಲೆ ಕೂರುವ ಎತ್ತರದಲ್ಲಿಯೇ ಗೊತ್ತಾಗುತ್ತದೆ. ಇಂಥ ಮಾದರಿಯನ್ನು ಕೊಳ್ಳುವ ಮುಂಚೆ ಪಕ್ಕದಿಂದ ತೆಗೆದ ಚಿತ್ರವನ್ನು ನಿಜವಾದ ವಿಮಾನದ ಚಿತ್ರದ ಪಕ್ಕ ಇಟ್ಟು ನೋಡಿ.

ಒದ್ದೆ ರನ್‌ವೇಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಾಸಾದ ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ, ನಿಂತ ನೀರಿನ ಮೇಲೆ ಉರುಳುತ್ತಿರುವ ಟೈರು ನೆಲ ಬಿಟ್ಟು ತೇಲಲು ತೊಡಗುವ ವೇಗ ನಾಟ್‌ಗಳಲ್ಲಿ, ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಲೆಕ್ಕದ ಟೈರಿನ ಒತ್ತಡದ ವರ್ಗಮೂಲದ ಒಂಬತ್ತು ಪಟ್ಟು. ಒತ್ತಡ 150 ಇದ್ದರೆ ಅದು 110 ನಾಟ್. ಮಳೆಯಲ್ಲಿ ಇಳಿದಾಗ ಆ ವೇಗಕ್ಕಿಂತ ಮೇಲೆ ಬ್ರೇಕ್ ಹಿಡಿಯಲಿಲ್ಲವೆಂದು ಮಾದರಿಯನ್ನು ದೂರಬೇಡಿ.

ಇನ್ನು ಫೈಲ್ ತಿದ್ದುವ ಪ್ರಶ್ನೆ. ನಾನು ಅದನ್ನು ಕೊನೆಯ ಉಪಾಯವೆಂದು ಪರಿಗಣಿಸುತ್ತೇನೆ. ಮೂತಿಚಕ್ರದ ಗರಿಷ್ಠ ಕೋನವನ್ನು ಕಡಿಮೆ ಮಾಡಿದರೆ ಜಾರುವುದು ನಿಲ್ಲಬಹುದು, ಆದರೆ ಕಿರಿದಾದ ಏಪ್ರನ್‌ನಲ್ಲಿ ವಿಮಾನ ತಿರುಗದೆ ಹೋಗುತ್ತದೆ. ಸ್ಪ್ರಿಂಗ್ ಕುಸಿತದ ಅಂಕಿಯನ್ನು ಮುಟ್ಟಿದರೆ ಇಳಿಯುವಾಗ ವಿಮಾನ ಪುಟಿಯುತ್ತದೆ. ಒಂದನ್ನು ಸರಿಪಡಿಸಲು ಹೋಗಿ ಮೂರನ್ನು ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ. ನಿಖರತೆಯ ಬಗ್ಗೆ ನಮ್ಮ ನಿರೀಕ್ಷೆಯೂ ಹದವಾಗಿರಬೇಕು: ಪೈಲಟ್‌ಗಳ ತರಬೇತಿಗೆ ಅಮೆರಿಕದ ವಾಯುಯಾನ ಆಡಳಿತ ಒಪ್ಪಿಗೆ ಕೊಡುವ ಪೂರ್ಣ ಸಿಮ್ಯುಲೇಟರುಗಳಲ್ಲಿಯೇ ಕನಿಷ್ಠ ತಿರುಗು ತ್ರಿಜ್ಯಕ್ಕೆ 0.9 ಮೀಟರ್ ಅಥವಾ ನೂರಕ್ಕೆ 20ರಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ. ಮನೆಯ ಮಾದರಿ ಅದರೊಳಗೆ ಬಂದರೆ ತೃಪ್ತಿಪಡಬೇಕು.

ಹಾಗಾಗಿ ಮೊದಲು ಸ್ವಯಂಚಾಲಿತ ನೆರವುಗಳನ್ನು ನಿಲ್ಲಿಸಿ, ಅಕ್ಷಗಳನ್ನು ಬೇರ್ಪಡಿಸಿ, ಎರಡು ದಿನ ಹಾರಿಸಿ. ಬಳಿಕ ಗಾಳಿಯಿಲ್ಲದ ಉರುಳುವ ಪರೀಕ್ಷೆ, ನಿಂತ ವಿಮಾನಕ್ಕೆ ಅಡ್ಡಗಾಳಿಯ ಪರೀಕ್ಷೆ ಎರಡನ್ನೂ ಮಾಡಿ. ಅದೇ ಪರೀಕ್ಷೆಗಳನ್ನು ಸಿಮ್ಯುಲೇಟರಿನ ಜೊತೆಗೇ ಬರುವ ಬೇರೊಂದು ಜೆಟ್ ಮೇಲೂ ಮಾಡಿ. ಎರಡು ವಿಮಾನಗಳೂ ಒಂದೇ ರೀತಿ ತಪ್ಪಿದರೆ ದೋಷ ತಳಹದಿಯದು, ಆ ಸಿಮ್ಯುಲೇಟರಿನ ಹೊಸ ಪರಿಷ್ಕರಣೆಗೆ ಕಾಯಬೇಕು. ನಿಮ್ಮ ಇ-ಜೆಟ್ ಮಾತ್ರ ತಪ್ಪಿದರೆ ತಯಾರಕರಿಗೆ ಬರೆಯಿರಿ. ಆ ಪತ್ರದಲ್ಲಿ ವಿಮಾನದ ತೂಕ, ಗುರುತ್ವ ಕೇಂದ್ರದ ಸ್ಥಾನ, ಗಾಳಿಯ ವೇಗ ಮತ್ತು ದಿಕ್ಕು, ಫ್ರೇಮ್ ದರ, 20ರಿಂದ 10 ನಾಟ್‌ಗೆ ಇಳಿಯಲು ಹಿಡಿದ ಸೆಕೆಂಡುಗಳು ಇಷ್ಟನ್ನೂ ಕೊಡಿ. ಮೂತಿ ಜಾರುತ್ತದೆ ಎಂದಷ್ಟೇ ಬರೆದರೆ ಅವರು ಏನನ್ನು ಹುಡುಕಬೇಕೆಂದು ಅವರಿಗೆ ತಿಳಿಯುವುದಿಲ್ಲ. ಈ ಐದು ಅಂಕಿಗಳಿದ್ದರೆ ಅವರು ಅದೇ ಪರೀಕ್ಷೆಯನ್ನು ತಮ್ಮ ಯಂತ್ರದಲ್ಲಿ ಮಾಡಿ ನೋಡಬಲ್ಲರು.